ಹಳೇ ಕ್ಯಾಮೆರಾಕ್ಕೆ ಉಳ್ಳಾಗಡ್ಡಿ ರೊಕ್ಕ

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಸಮೀಪ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಬೋರ್ಡು ಮರಾಠಿಯಲ್ಲಿ, ಲೆಕ್ಕದ ವಹಿ ಕನ್ನಡದಲ್ಲಿ. ಹೆಣ್ಣು ಇಂಡಿ, ಅಫಜಲಪುರ, ಆಳಂದದ ಕಡೆಯದಾದರೆ ಗಂಡು ಸೊಲ್ಲಾಪುರ, ಮಂಗಳವೇಢೆಯ ಕಡೆಯವನು. ಇಲ್ಲವೆ ಅದರ ತಿರುವುಮುರುವು. ಇಂಥ ಲಗ್ನಗಳೇ ನಮ್ಮ ಹೊಟ್ಟೆಪಾಡು. ಆಲ್ಬಮಿನ ಮೇಲೆ ಹೆಸರು ಕನ್ನಡದಲ್ಲೋ ಮರಾಠಿಯಲ್ಲೋ ಎಂದು ಬೀಗರಿಬ್ಬರೂ ಒಂದು ತಾಸು ವಾದ ಮಾಡಿ ಕೊನೆಗೆ ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋದದ್ದನ್ನೂ ನೋಡಿದ್ದೇನೆ.

ಕಳೆದ ದೀಪಾವಳಿ ಮುಗಿದು ತುಳಸಿ ಲಗ್ನಕ್ಕೆ ಎರಡು ದಿನ ಬಾಕಿ ಇರುವಾಗ ನಮ್ಮಕ್ಕ ಮತ್ತು ಆಕೆಯ ಮಗ ಅಂಗಡಿಗೆ ಬಂದರು. ಅಕ್ಕನನ್ನು ಕೊಟ್ಟ ಊರು ಗಡಿಗೆ ಹತ್ತಿಕೊಂಡೇ ಇದೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಮಾರಿ, ಪಟ್ಟಿ ಮಾಡಿಸಿಕೊಂಡು, ಹಮಾಲಿ, ತೂಕ, ಗಾಡಿ ಬಾಡಿಗೆ ಎಲ್ಲ ಕಳೆದು ಅವರ ಕೈಯಲ್ಲಿ ಉಳಿದದ್ದು ಒಂದು ಲಕ್ಷದ ಹತ್ತು ಸಾವಿರ ರೂಪಾಯಿ. ಅದನ್ನು ಬೋರ್ ಹೊಡೆಸಲು ಇಟ್ಟಿದ್ದರು. ಅಳಿಯ ಎರಡು ವರ್ಷದಿಂದ ಸೊಲ್ಲಾಪುರದ ಒಬ್ಬ ಫೋಟೋಗ್ರಾಫರನ ಕೈಕೆಳಗೆ ಲೈಟು ಹಿಡಿಯುವ ಕೆಲಸಕ್ಕಿದ್ದ. ಈಗ ಸ್ವಂತ ಕ್ಯಾಮೆರಾ ಬೇಕೆಂದು ಹಟ.

"ತಮ್ಮಾ, ಇಂವ ಬೋರ್ ಬ್ಯಾಡ, ಕ್ಯಾಮೆರಾ ಕೊಡಸು ಅಂತಾನ. ಅದೂ ಹೊಸಾದಲ್ಲ, ಏಳು ವರ್ಷದ ಹಳೇದು. ಮುದಿ ಎತ್ತಿಗೆ ಹೋರಿ ರೇಟು ಯಾರರ ಕೊಡ್ತಾರೇನು? ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ," ಎಂದಳು ಅಕ್ಕ.

ಅಳಿಯ ಮೊಬೈಲಿನಲ್ಲಿ ಫೋಟೋ ತೋರಿಸಿದ. ಸೋನಿ ಎ7 ಮಾರ್ಕ್ 3. 2018ರ ಫೆಬ್ರುವರಿಯಲ್ಲಿ ಕಂಪೆನಿ ಹೊರತಂದ ಕ್ಯಾಮೆರಾ ಅದು. ಆಗ ಅಮೆರಿಕದಲ್ಲಿ ಬರೇ ಬಾಡಿಗೆ ಸುಮಾರು 2,000 ಡಾಲರ್ ಬೆಲೆ ಇತ್ತು. "ಮಾಮಾ, ಇದರ ಮ್ಯಾಲಿನದು, ಮಾರ್ಕ್ 4, ಹೊಸಾದು ತಗೋಬೇಕಂದ್ರ ಲೆನ್ಸ್ ಹಿಡದು ಎರಡ ಲಕ್ಷ ದಾಟತದ. ಇದು ಎಂಬತ್ತರೊಳಗ ಬರತದ," ಎಂದ.

ಇಪ್ಪತ್ತೆಂಟು ವರ್ಷದಿಂದ ಈ ದಂಧೆಯಲ್ಲಿರುವ ನನಗೆ ಇಂಥ ಪ್ರಶ್ನೆ ಹೊಸದಲ್ಲ. ಆದರೆ ಬೋರಿನ ರೊಕ್ಕ ಎದುರಿಗಿಟ್ಟು ಕೇಳಿದಾಗ ಬಾಯಿಗೆ ಬಂದದ್ದು ಹೇಳಲಾಗುವುದಿಲ್ಲ. "ಎರಡು ದಿನ ತಡೀರಿ, ನೋಡಿ ಹೇಳತೀನಿ," ಎಂದೆ.

ಏನಿದು ಫುಲ್ ಫ್ರೇಮ್?

ಲಗ್ನಕ್ಕೆ ಫೋಟೋದವನನ್ನು ಗೊತ್ತು ಮಾಡುವಾಗ ಓದುಗರ ಕಿವಿಗೂ ಈ ಮಾತು ಬಿದ್ದಿರುತ್ತದೆ. ಹಳೆಯ ರೋಲಿನ ಕ್ಯಾಮೆರಾದಲ್ಲಿ ಒಂದು ನೆಗೆಟಿವ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ ಇರುತ್ತಿತ್ತಲ್ಲ, ಅಷ್ಟೇ ದೊಡ್ಡ ಸೆನ್ಸರ್ ಇರುವ ಡಿಜಿಟಲ್ ಕ್ಯಾಮೆರಾಕ್ಕೆ ಫುಲ್ ಫ್ರೇಮ್ ಎನ್ನುತ್ತಾರೆ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮತ್ತು 15.6 ಮಿಲಿಮೀಟರ್. ವಿಸ್ತೀರ್ಣ ಗುಣಿಸಿ ನೋಡಿದರೆ ಫುಲ್ ಫ್ರೇಮ್ ಅದರ ಎರಡು ಪಟ್ಟಿಗಿಂತ ಹೆಚ್ಚು. ಒಂದಿಂಚಿನ ಸೆನ್ಸರ್ ಎಂದು ಜಾಹೀರಾತು ಮಾಡುವ ತುಟ್ಟಿ ಮೊಬೈಲುಗಳಲ್ಲಿ ಅದು ಫುಲ್ ಫ್ರೇಮಿನ ಏಳನೇ ಒಂದು ಪಾಲಿಗಿಂತ ಕಡಿಮೆ. ಮಳೆಗೆ ಹತ್ತು ಅಡಿ ಅಗಲದ ತಾಡಪತ್ರಿ ಹಾಸಿದರೆ ಎಷ್ಟು ನೀರು, ಅಂಗೈ ಒಡ್ಡಿದರೆ ಎಷ್ಟು ನೀರು? ಬೆಳಕಿನ ಲೆಕ್ಕವೂ ಹಾಗೇ. ಹಗಲಿನಲ್ಲಿ ಇಬ್ಬರಿಗೂ ಸಾಕಾಗುತ್ತದೆ. ರಾತ್ರಿ ಹಂದರದಲ್ಲಿ ಗೊತ್ತಾಗುತ್ತದೆ.

ಇನ್ನು ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ್ದು. ಡಿಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತದೆ, ಗುಂಡಿ ಒತ್ತಿದಾಗ ಟಕ್ ಎಂದು ಮೇಲೇಳುತ್ತದೆ. ಅದನ್ನು ತೆಗೆದು ಹಾಕಿ, ಸೆನ್ಸರಿಗೆ ಕಂಡದ್ದನ್ನೇ ನೇರವಾಗಿ ಚಿಕ್ಕ ಪರದೆಯಲ್ಲಿ ತೋರಿಸುವುದೇ ಹೊಸ ಪದ್ಧತಿ. ಆಟೋಫೋಕಸ್ ಇರುವ ಫುಲ್ ಫ್ರೇಮಿನಲ್ಲಿ ಇದು ಮೊದಲು ಬಂದದ್ದು 2013ರ ಅಕ್ಟೋಬರಿನಲ್ಲಿ, ಸೋನಿಯ ಎ7 ಮತ್ತು ಎ7ಆರ್ ರೂಪದಲ್ಲಿ. ನಿಕಾನ್, ಕ್ಯಾನನ್ ಎಚ್ಚೆತ್ತದ್ದು ಐದು ವರ್ಷ ಬಿಟ್ಟು. 2018ರ ಆಗಸ್ಟಿನಲ್ಲಿ ನಿಕಾನ್ ಝಡ್6, ಝಡ್7 ತಂದಿತು. ಸೆಪ್ಟೆಂಬರಿನಲ್ಲಿ ಕ್ಯಾನನ್ ಇಓಎಸ್ ಆರ್ ಬಂತು. 2020ರ ನಂತರ ಈ ಎರಡೂ ಕಂಪೆನಿಗಳು ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನೇ ಮಾಡಿಲ್ಲ. ಅಂದಮೇಲೆ ಹಳೇದು ತಗೊಂಡರೂ ಕನ್ನಡಿ ಇಲ್ಲದ್ದನ್ನೇ ತಗೋಬೇಕು ಎನ್ನುವ ಅಳಿಯನ ಮಾತು ತಪ್ಪಲ್ಲ. ಯಾವ ವರ್ಷದ್ದು ಎಂಬುದಷ್ಟೇ ಪ್ರಶ್ನೆ.

ನನ್ನ ಕೈಯಲ್ಲಿ ಹೋದ ಒಂದು ಲಗ್ನ

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಹೇಳಿಕೊಳ್ಳುವಂಥದ್ದಲ್ಲ.

2014ರ ಬೇಸಿಗೆ. ಗಡಿಯಾಚೆಯ ಒಂದು ಹಳ್ಳಿಯಲ್ಲಿ ಲಗ್ನ. ನನ್ನ ಹತ್ತಿರ ಆಗ ಇದ್ದದ್ದು ಒಂದೇ ಕಾರ್ಡು ಹಿಡಿಯುವ ಡಿಎಸ್‌ಎಲ್‌ಆರ್. ಹಳದಿ, ದೇವಕಾರ್ಯ, ಸುರಗಿ ಎಲ್ಲ ಬೇರೆ ಕಾರ್ಡಿನಲ್ಲಿದ್ದವು. ಅಕ್ಕಿಕಾಳು ಬೀಳುವ ಹೊತ್ತಿಗೆ ಹೊಸ ಕಾರ್ಡು ಹಾಕಿದೆ. ಅಕ್ಕಿಕಾಳು, ತಾಳಿ, ಹೆಣ್ಣು ಒಪ್ಪಿಸಿ ಕೊಡುವುದು, ಬೀಗರ ಊಟ, ಎಲ್ಲ ಅದರಲ್ಲೇ. ರಾತ್ರಿ ಅಂಗಡಿಗೆ ಬಂದು ಕಂಪ್ಯೂಟರಿಗೆ ಹಚ್ಚಿದರೆ ಕಾರ್ಡು ಓದಲೇ ಇಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಸೊಲ್ಲಾಪುರಕ್ಕೆ ಒಯ್ದೆ, ಪುಣೆಗೆ ಕಳಿಸಿದೆ. ಬಂದದ್ದು ಅರ್ಧಂಬರ್ಧ ಸೀಳಿದ ಹದಿನೇಳು ಫೋಟೋ.

ಹೆಣ್ಣಿನ ತಂದೆ ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ಅತ್ತದ್ದು ನನಗೆ ಈಗಲೂ ಕಣ್ಣ ಮುಂದೆ ಇದೆ. ಫೋಟೋದಲ್ಲಿ ಇಲ್ಲ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕೆಂದು ಮಗಳು ನನ್ನ ಅಂಗಡಿಗೇ ಬಂದಳು. ಆಕೆಯ ಲಗ್ನದ ದಿನ ತೆಗೆದದ್ದು ಎಲ್ಲಿ ಎಂದು ಕೇಳಿದಳು. ಮುಂಗಡವನ್ನೆಲ್ಲ ನಾನು ಮೊದಲೇ ತಿರುಗಿ ಕೊಟ್ಟಿದ್ದೆ. ಆದರೆ ಅವತ್ತು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಕಾರ್ಡಿನ ಕಂಪೆನಿಯವರು ಹೊಸ ಕಾರ್ಡು ಕಳಿಸಿಕೊಟ್ಟರು. ಅದನ್ನು ಏನು ಮಾಡುವುದು?

ಮರುವರ್ಷ ಪತಸಂಸ್ಥೆಯಲ್ಲಿ ಸಾಲ ತೆಗೆದು ನಿಕಾನ್ ಡಿ750 ತಂದೆ. ಅದರಲ್ಲಿ ಎರಡು ಕಾರ್ಡು ಕೂಡುತ್ತವೆ, ಒಂದೊಂದು ಫೋಟೋವೂ ಎರಡರಲ್ಲೂ ಬೀಳುತ್ತದೆ. ಅಂದಿನಿಂದ ನನ್ನದೊಂದೇ ಹಟ: ಲಗ್ನಕ್ಕೆ ಒಯ್ಯುವ ಕ್ಯಾಮೆರಾದಲ್ಲಿ ಎರಡು ಕಾರ್ಡಿನ ಜಾಗ ಇರಲೇಬೇಕು.

ಈ ಒಂದು ಜರಡಿ ಹಿಡಿದರೆ ಹಳೇ ಫುಲ್ ಫ್ರೇಮ್ ಮಿರರ್‌ಲೆಸ್‌ಗಳಲ್ಲಿ ಬಹಳಷ್ಟು ಕೆಳಗೆ ಉದುರುತ್ತವೆ. ಸೋನಿಯ ಮೊದಲ ಎ7, 2014ರ ಎ7 ಮಾರ್ಕ್ 2, ಎರಡರಲ್ಲೂ ಒಂದೇ ಕಾರ್ಡು. ನಿಕಾನ್ ಝಡ್6ರಲ್ಲಿ ಒಂದೇ, ಅದೂ ತುಟ್ಟಿಯ ಎಕ್ಸ್‌ಕ್ಯೂಡಿ ಜಾತಿಯದು. ಕ್ಯಾನನ್ ಇಓಎಸ್ ಆರ್ ಮತ್ತು 2019ರ ಆರ್‌ಪಿ, ಅವುಗಳಲ್ಲೂ ಒಂದೇ. ಎರಡು ಇರುವುದು ಸೋನಿ ಎ7 ಮಾರ್ಕ್ 3ರಲ್ಲಿ. ಆಮೇಲೆ 2020ರಲ್ಲಿ ಬಂದ ಕ್ಯಾನನ್ ಆರ್6, ನಿಕಾನ್ ಝಡ್6 ಮಾರ್ಕ್ 2, ಪ್ಯಾನಾಸೋನಿಕ್ ಎಸ್5 ಮುಂತಾದವುಗಳಲ್ಲಿ. ಇವುಗಳಲ್ಲಿ ಅಕ್ಕನ ರೊಕ್ಕದ ಅಳತೆಗೆ, ಲೆನ್ಸ್ ಸಮೇತ, ನಮ್ಮ ಕಡೆ ಸಿಗುವಂಥದ್ದು ಮಾರ್ಕ್ 3 ಒಂದೇ. ಪೋರ ತಿಳಿದೋ ತಿಳಿಯದೆಯೋ ಸರಿಯಾದದ್ದನ್ನೇ ಹಿಡಿದಿದ್ದ.

ಹಾಗೆಂದು ಒಂದು ಕಾರ್ಡಿನವು ಕೆಟ್ಟವು ಎಂದಲ್ಲ. ಹೊಲ, ಮನೆ, ಮಕ್ಕಳು, ಜಾತ್ರೆ ಎಂದು ತನ್ನ ಖುಷಿಗೆ ತೆಗೆಯುವವನಿಗೆ ಕ್ಯಾನನ್ ಆರ್‌ಪಿ ಬಂಗಾರದಂಥದ್ದು. ಬ್ಯಾಟರಿ, ಕಾರ್ಡು ಸೇರಿ ಅರ್ಧ ಕಿಲೋ ಒಳಗೇ ತೂಕ. ಆದರೆ ಬೇರೆಯವರ ಲಗ್ನಕ್ಕೆ ರೊಕ್ಕ ಇಸಗೊಂಡು ಹೋಗುವವನ ಮಾತು ಬೇರೆ.

ಹಲ್ಲು ಎಣಿಸಿದ್ದು

ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ನಡೆಸಿ ನೋಡುತ್ತಾನೆ. ಕ್ಯಾಮೆರಾಕ್ಕೂ ಹಲ್ಲಿದೆ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಅದು, ಟ್ರ್ಯಾಕ್ಟರಿನ ಅವರ್ ಮೀಟರ್ ಇದ್ದಂತೆ. ಸೋನಿಯಲ್ಲಿ ಅದು ಮೆನುವಿನಲ್ಲಿ ಕಾಣುವುದಿಲ್ಲ. ಆ ಕ್ಯಾಮೆರಾದಿಂದ ಆಗಿಂದಾಗಲೇ ತೆಗೆದ ಒಂದು ಫೋಟೋದ ಫೈಲನ್ನು ಕಂಪ್ಯೂಟರಿಗೆ ಹಾಕಿ, ಅದರೊಳಗಿನ ಮಾಹಿತಿ ಓದುವ ತಂತ್ರಾಂಶದಿಂದ ನೋಡಬೇಕು. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಆ ಮಾಹಿತಿ ಉಳಿಯುವುದಿಲ್ಲ. ಮಾರುವವನು 'ವಾಟ್ಸಾಪಿನಲ್ಲಿ ಹಾಕತೀನಿ' ಎಂದರೆ ಒಪ್ಪಬಾರದು.

ಮಾರ್ಕ್ 3ರ ಶಟರ್ ಸುಮಾರು 2 ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದು ಎಂದು ಕಂಪೆನಿ ಹೇಳಿಕೊಂಡಿದೆ. ಎರಡು ದಿನದ ಲಗ್ನಕ್ಕೆ ನಾನು 2,500 ಫೋಟೋ ತೆಗೆಯುತ್ತೇನೆ. ಆ ಲೆಕ್ಕಕ್ಕೆ 80 ಲಗ್ನ. ದಾಟಿದರೂ ನಡೆದಾವು, ಮೊದಲೇ ನಿಂತರೂ ನಿಂತೀತು. ಕಟ್ಟಿಟ್ಟ ಮಾತಲ್ಲ ಅದು.

ಸೊಲ್ಲಾಪುರದಲ್ಲಿ ನೋಡಿದ ಮೊದಲ ಕ್ಯಾಮೆರಾ ಮೈಮೇಲೆ ಒಂದು ಗೀರಿಲ್ಲದೆ ಫಳಫಳ ಹೊಳೆಯುತ್ತಿತ್ತು. ಶಟರ್ 31,000 ಮಾತ್ರ. ಬೆಲೆಯೂ 68,000. ಅಳಿಯ ಆಗಲೇ ಜೇಬಿಗೆ ಕೈ ಹಾಕಿದ್ದ. ನಾನು ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಚಿಕ್ಕದು ಮಾಡಿ ಬಿಳಿ ಗೋಡೆಯ ಒಂದು ಫೋಟೋ ತೆಗೆದೆ. ಧೂಳಿನ ಚುಕ್ಕೆ ಇದ್ದರೆ ಹೀಗೆ ಗೊತ್ತಾಗುತ್ತದೆ. ಚುಕ್ಕೆ ಎರಡು ಮೂರು ಇದ್ದವು, ಅವು ಒರೆಸಿದರೆ ಹೋಗುತ್ತವೆ. ಆದರೆ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಾಗ, ಅಂಚಿನಿಂದ ಅಂಚಿಗೆ ಕೂದಲೆಳೆಯಂಥ ಒಂದು ನೆಟ್ಟಗಿನ ಗೆರೆ. ಇನ್ನೊಂದು ಫೋಟೋ ತೆಗೆದೆ, ಗೆರೆ ಅಲ್ಲೇ. ಲೆನ್ಸ್ ಬದಲಿಸಿದೆ, ಗೆರೆ ಅಲ್ಲೇ.

"ಡಿಜೆ ಲಗ್ನ ಮಾಡಿದ ಕ್ಯಾಮೆರಾ ಏನ್ರೀ ಇದು?" ಎಂದು ಮರಾಠಿಯಲ್ಲಿ ಕೇಳಿದೆ. ಆತ ಮಾತಾಡಲಿಲ್ಲ.

ಇದನ್ನು ಓದುಗರು, ಅದರಲ್ಲೂ ನಮ್ಮ ದಂಧೆಯ ಹುಡುಗರು, ಗಮನಿಸಬೇಕು. ವರಾತ, ಗಣಪತಿ ಮೆರವಣಿಗೆ ಎಲ್ಲದಕ್ಕೂ ಈಗ ಡಿಜೆ. ಡಿಜೆ ಸಂಗಡ ಲೇಸರ್ ಬೆಳಕು. ಆ ಕಿರಣ ನೇರವಾಗಿ ಲೆನ್ಸಿನೊಳಗೆ ಹೊಕ್ಕರೆ ಲೆನ್ಸು ಅದನ್ನು ಒಂದು ಬಿಂದುವಿಗೆ ತಂದು ಸೆನ್ಸರನ್ನು ಸುಡುತ್ತದೆ, ಭೂತಗನ್ನಡಿಯಿಂದ ಕಾಗದ ಸುಟ್ಟಂತೆ. ಕನ್ನಡಿ ಇರುವ ಕ್ಯಾಮೆರಾದಲ್ಲಿ ಫೋಟೋ ಬೀಳುವ ಆ ಒಂದು ಕ್ಷಣ ಬಿಟ್ಟರೆ ಸೆನ್ಸರ್ ಮರೆಯಲ್ಲಿರುತ್ತದೆ. ಮಿರರ್‌ಲೆಸ್‌ನಲ್ಲಿ ಯಾವಾಗಲೂ ಬಯಲಲ್ಲೇ. ಮಾರ್ಕ್ 3ರಲ್ಲಂತೂ ಕ್ಯಾಮೆರಾ ಬಂದ್ ಮಾಡಿದರೂ ಶಟರ್ ತೆರೆದೇ ಇರುತ್ತದೆ. ಬಂದ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಸೌಲಭ್ಯ ಸೋನಿಯ ಈ ಸಾಲಿನಲ್ಲಿ 2021ರ ಮಾರ್ಕ್ 4ಕ್ಕೆ ಬಂತು. ಸುಟ್ಟ ಸೆನ್ಸರಿಗೆ ಔಷಧ ಇಲ್ಲ, ಬದಲಿಸಬೇಕು. ಆ ಖರ್ಚು ಕೇಳಿದರೆ ಹಳೇ ಕ್ಯಾಮೆರಾಕ್ಕೆ ಹಾಕಲು ಮನಸ್ಸು ಬಾರದು.

ಎರಡನೆಯದು ಸಿಕ್ಕಿದ್ದು ಕಲಬುರ್ಗಿಯಲ್ಲಿ, ದಂಧೆ ಬಿಟ್ಟು ನೌಕರಿಗೆ ಸೇರಿದ ಒಬ್ಬ ಹುಡುಗನ ಹತ್ತಿರ. ಇದರ ಮೈಮೇಲೆ ಗೀರು ಬೇಕಾದಷ್ಟು. ಹಿಡಿಯುವ ಕಡೆ ರಬ್ಬರ್ ಸವೆದು ನುಣ್ಣಗಾಗಿತ್ತು. ಶಟರ್ 62,000. ಆದರೆ ಗೋಡೆಯ ಫೋಟೋ ಸ್ವಚ್ಛ. ಎರಡೂ ಕಾರ್ಡಿನ ಜಾಗದಲ್ಲಿ ಕಾರ್ಡು ಹಾಕಿ ಐವತ್ತು ಐವತ್ತು ಫೋಟೋ ತೆಗೆಸಿದೆ, ಎರಡೂ ಓದಿದವು. ಮೇಲಿನ ಫ್ಲ್ಯಾಶ್ ಕೂಡಿಸುವ ಜಾಗ ಅಲುಗಾಡುತ್ತಿರಲಿಲ್ಲ. ಬ್ಯಾಟರಿ ಉಬ್ಬಿರಲಿಲ್ಲ. ಮುಖ್ಯವಾಗಿ, ಅಂಗಡಿಯ ಬಿಲ್ಲು ಇತ್ತು. ಬಿಲ್ಲಿನ ನಂಬರೂ ಕ್ಯಾಮೆರಾದ ಕೆಳಗಿನ ನಂಬರೂ ಒಂದೇ. ಬಿಲ್ಲಿಲ್ಲದ ಮಾಲು ಕಳವಿನದಿರಬಹುದು, ಇಲ್ಲವೆ ದುಬೈಯಿಂದ ಚೀಲದಲ್ಲಿ ಬಂದದ್ದಿರಬಹುದು. ಗಡಿಯಲ್ಲಿ ಬದುಕುವ ನಾವು ಎರಡು ರಾಜ್ಯದ ಪೊಲೀಸರಿಗೆ ಉತ್ತರ ಕೊಡುವುದು ಬೇಡ.

ಲೆನ್ಸ್ ಅದರ ಜೋಡಿಯೇ ಇತ್ತು, ಟ್ಯಾಮ್ರಾನ್ 28-75, ಎಫ್ 2.8, 2018ರಲ್ಲಿ ಬಂದ ಮೊದಲ ಆವೃತ್ತಿ. ಟಾರ್ಚು ಹಾಕಿ ಒಳಗೆ ಬೂಷ್ಟು ಇದೆಯೇ ನೋಡಿದೆ. ನಮ್ಮ ಬಯಲು ಸೀಮೆಯ ಒಣ ಹವೆಯಲ್ಲಿ ಲೆನ್ಸಿಗೆ ಬೂಷ್ಟು ಬರುವುದು ಕಡಿಮೆ. ಕಾಸರಗೋಡು, ವಯನಾಡಿನ ಕಡೆ ಮಳೆಗಾಲ ಕಂಡ ಲೆನ್ಸಾದರೆ ಇದನ್ನೇ ಮೊದಲು ನೋಡಬೇಕು. ಚೌಕಾಸಿ ಮಾಡಿ ಬಾಡಿಗೆ 76,000, ಲೆನ್ಸಿಗೆ 32,000, ಒಟ್ಟು 1,08,000ಕ್ಕೆ ಮುಗಿಸಿದೆವು. ಉಳಿದ ಎರಡು ಸಾವಿರಕ್ಕೆ ನಾನೊಂದಿಷ್ಟು ಸೇರಿಸಿ ಎರಡು ಹೊಸ ಕಾರ್ಡು ತಗೊಂಡೆವು. ಫ್ಲ್ಯಾಶಿಗೆ ರೊಕ್ಕ ಉಳಿಯಲಿಲ್ಲ. ನನ್ನ ಹಳೆಯ ನಿಕಾನ್ ಫ್ಲ್ಯಾಶ್ ಕೊಟ್ಟೆ. ಸೋನಿಯ ಮೇಲೆ ಅದು ತಾನಾಗಿ ಬೆಳಕು ಅಳೆಯುವುದಿಲ್ಲ, ಆದರೆ ಕೈಯಿಂದ ಪವರ್ ಇಟ್ಟುಕೊಂಡರೆ ಸರಿಯಾಗಿ ಹೊಡೆಯುತ್ತದೆ.

ಅಕ್ಕನಿಗೆ ಫೋನ್ ಮಾಡಿ 'ಹೂಂ' ಎಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಹಂದರದಲ್ಲಿ

ಮೊದಲ ಲಗ್ನಕ್ಕೆ ನಾನೇ ಅವನ ಸಂಗಡ ಹೋದೆ. ನನ್ನ ಡಿ750 ಕೊರಳಲ್ಲಿ, ಅವನದು ಅವನ ಕೊರಳಲ್ಲಿ. ಎರಡಕ್ಕೂ 24 ಮೆಗಾಪಿಕ್ಸೆಲ್. ಬೆಳಿಗ್ಗೆ ಸುರಗಿ ಸುತ್ತುವಾಗಿನ ಫೋಟೋಗಳಲ್ಲಿ ಯಾವುದು ಯಾರದೆಂದು ಅಕ್ಕನಿಗಿರಲಿ, ನನಗೇ ಹೇಳಲಾಗದು. ಸಂಜೆಗೆ ಫರಕು ಕಂಡಿತು. ನನ್ನ ಕ್ಯಾಮೆರಾದಲ್ಲಿ ಫೋಕಸಿನ 51 ಚುಕ್ಕೆಗಳಿವೆ, ಎಲ್ಲ ನಡುವೆ ಗುಂಪು ಕಟ್ಟಿಕೊಂಡು ಕುಂತಿವೆ. ಅವನದರಲ್ಲಿ 693, ಹೆಚ್ಚುಕಡಿಮೆ ಚೌಕಟ್ಟಿನ ತುಂಬ ಹರಡಿಕೊಂಡಿವೆ. ಹೆಣ್ಣು ಒಂದು ಅಂಚಿಗೆ ನಿಂತಿದ್ದರೂ ಅವಳ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಕಣ್ಣು ಹಿಂಬಾಲಿಸುವ ಈ ವಿದ್ಯೆ 2019ರ ಏಪ್ರಿಲಿನಲ್ಲಿ ಕಂಪೆನಿ ಕೊಟ್ಟ 3.0 ತಂತ್ರಾಂಶದಿಂದ ಚುರುಕಾಯಿತು. ಹಳೇ ಕ್ಯಾಮೆರಾ ಕೊಂಡವರು ಅದನ್ನು ಹಾಕಿಸಿದ್ದಾರೋ ಇಲ್ಲವೋ ಮೆನುವಿನಲ್ಲಿ ನೋಡಿಕೊಳ್ಳಬೇಕು, ಖರ್ಚಿಲ್ಲದ ಕೆಲಸ.

ಮುಂಡಾವಳಿ ಕಟ್ಟಿದಾಗ ಮಾತ್ರ ಅದರ ಜಾಣತನ ಒಮ್ಮೊಮ್ಮೆ ಕೈ ಕೊಟ್ಟಿತು. ಕಣ್ಣ ಮುಂದೆ ತೂಗಾಡುವ ಮುತ್ತಿನ ಎಳೆಯನ್ನೇ ಹಿಡಿದು ಕಣ್ಣನ್ನು ಬಿಟ್ಟಿತು. ಜಪಾನಿನವರಿಗೆ ನಮ್ಮ ಮುಂಡಾವಳಿ ಏನು ಗೊತ್ತು! ಅಂಥ ಹೊತ್ತಿನಲ್ಲಿ ಒಂದೇ ಚುಕ್ಕೆ ಇಟ್ಟುಕೊಂಡು ತೆಗೆ ಎಂದು ಹೇಳಿಕೊಟ್ಟೆ.

ನಿಶ್ಶಬ್ದ ಶಟರ್ ಎಂದೊಂದು ಇದೆ. ಸದ್ದಿಲ್ಲದೆ ತೆಗೆಯಬಹುದು ಎಂದು ಪೋರ ಅದನ್ನೇ ಹಾಕಿಕೊಂಡು ವೇದಿಕೆ ಏರಿದ. ಈ ಕಾಲದ ಕ್ಯಾಮೆರಾಗಳಲ್ಲಿ ಸೆನ್ಸರನ್ನು ಮೇಲಿನಿಂದ ಕೆಳಗೆ ಓದುವುದು ನಿಧಾನ. ಎಲ್‌ಇಡಿ ದೀಪ ಕಣ್ಣಿಗೆ ಕಾಣದಂತೆ ಮಿಣಕುತ್ತಿರುತ್ತದೆ. ಎರಡೂ ಸೇರಿ ಫೋಟೋದ ಮೇಲೆ ಕಂಬಳಿಯ ಪಟ್ಟಿಯಂತೆ ಕಪ್ಪು ಬಿಳಿ ಗೆರೆ. ಒಂದು ನಲವತ್ತು ಫೋಟೋ ಹಾಗೆ ಹೋದವು. ಎಲ್‌ಇಡಿ ಬೆಳಕಿನಲ್ಲಿ ಯಾಂತ್ರಿಕ ಶಟರೇ ಇರಲಿ, ಸದ್ದಾದರೆ ಆಗಲಿ, ಭಟ್ಟರ ಮಂತ್ರ ಮೈಕಿನಲ್ಲೇ ಇರುತ್ತದೆ.

ಬ್ಯಾಟರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಎ7 ಒಂದು ಚಾರ್ಜಿಗೆ 340 ಫೋಟೋ ಎಂಬ ಅಳತೆಯದು. ಮಾರ್ಕ್ 3ರ ದೊಡ್ಡ ಬ್ಯಾಟರಿಗೆ ಅದೇ ಅಳತೆಯಲ್ಲಿ 710. ನಡುನಡುವೆ ಬಂದ್ ಮಾಡದೆ ಪಟಪಟನೆ ತೆಗೆದರೆ ಇದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ಎರಡು ಬ್ಯಾಟರಿಯಲ್ಲಿ ಒಂದು ಲಗ್ನ ಆಗುತ್ತದೆ.

ಪುಷ್ಯ ಮಾಸದಲ್ಲಿ ಲಗ್ನ ಇಲ್ಲ, ಸುಮ್ಮನೆ ಕೂಡುವುದೇಕೆಂದು ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ಹೋದೆವು. ಏಳು ನಂದಿಧ್ವಜಗಳು, ಬಾರಾಬಂದಿ ತೊಟ್ಟ ಬಿಳಿ ಉಡುಪಿನ ಜನ, ಕಾಲಿಡಲು ಜಾಗ ಇಲ್ಲದ ಗದ್ದಲ. ಕತ್ತಲಾದ ಮೇಲೆ ಧ್ವಜ ಹೊತ್ತು ಓಲಾಡುವವನ ಮುಖವನ್ನು ಫ್ಲ್ಯಾಶ್ ಇಲ್ಲದೆ ತೆಗೆಯಬೇಕು, ಫ್ಲ್ಯಾಶ್ ಹೊಡೆದರೆ ಹೊತ್ತವನ ಕಣ್ಣು ಕುಕ್ಕುತ್ತದೆ. ಐಎಸ್ಓ 6400, ಎಫ್ 2.8. ನಾನು ರೋಲು ಹಾಕಿ ಈ ಜಾತ್ರೆ ತೆಗೆಯುತ್ತಿದ್ದ ಕಾಲದಲ್ಲಿ 400ರ ರೋಲು ಸಿಕ್ಕರೆ ದೊಡ್ಡದು. ಅಳಿಯ ತೆಗೆದ ಒಂದು ಫೋಟೋದಲ್ಲಿ ಬೆವರು, ಹಣೆಯ ವಿಭೂತಿ, ಹಿಂದೆ ಸಾಲು ದೀಪ ಎಲ್ಲ ಕಾಣುತ್ತವೆ. ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಹಾಕಿದ್ದೇನೆ.

ದೊಡ್ಡದು ಎಂದರೆ ಎಷ್ಟು? ಅದಕ್ಕೂ ಲೆಕ್ಕ ಇದೆ. 24 ಮೆಗಾಪಿಕ್ಸೆಲ್ ಫೋಟೋ ಅಗಲಕ್ಕೆ 6,000, ಎತ್ತರಕ್ಕೆ 4,000 ಚುಕ್ಕೆ. ಲ್ಯಾಬಿನವರು ಇಂಚಿಗೆ 300 ಚುಕ್ಕೆ ಕೇಳುತ್ತಾರೆ. ಭಾಗಿಸಿದರೆ 20 ಇಂಚು ಅಗಲ, 13 ಇಂಚಿಗೆ ಮಿಕ್ಕಿ ಎತ್ತರ. ನಮ್ಮ ಕಡೆ ಹೆಚ್ಚು ಓಡುವ 12-36ರ ಆಲ್ಬಮಿನ ಒಂದು ಮಗ್ಗುಲು 12-18. ತುಂಬಿ ಉಳಿಯುತ್ತದೆ. 33, 45, 61 ಮೆಗಾಪಿಕ್ಸೆಲ್ ಎಂದು ಹೊಸ ಕ್ಯಾಮೆರಾಗಳು ಬಂದಿವೆ. ನಮ್ಮ ಆಲ್ಬಮಿಗೆ ಅದರಿಂದ ಹಾರ್ಡ್ ಡಿಸ್ಕ್ ತುಂಬುತ್ತದೆ, ಅಷ್ಟೇ.

ಸೋಲುವ ಜಾಗ

ಬರೇ ಹೊಗಳಿದರೆ ದಲಾಲಿ ಮಾಡಿದಂತಾಗುತ್ತದೆ. ವಿಡಿಯೋದಲ್ಲಿ ಈ ಕ್ಯಾಮೆರಾದ ವಯಸ್ಸು ಎದ್ದು ಕಾಣುತ್ತದೆ. ಇದು ಬಣ್ಣವನ್ನು 8 ಬಿಟ್ಟಿನಲ್ಲಿ ಬರೆಯುತ್ತದೆ. ಮಾರ್ಕ್ 4 ಮತ್ತಿತರ ಹೊಸವು 10 ಬಿಟ್ಟು. ಅಂದರೆ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಇದ್ದಲ್ಲಿ 1,024 ಮೆಟ್ಟಿಲು. ಸಿನಿಮಾದಂತೆ ಬಣ್ಣ ತಿದ್ದಿ ಕೊಡಿ ಎಂದು ಈಗ ಬೀಗರು ಕೇಳುತ್ತಾರೆ. 8 ಬಿಟ್ಟಿನದನ್ನು ಹೆಚ್ಚು ಎಳೆದಾಡಿದರೆ ಸಂಜೆಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಾಣುತ್ತವೆ. 4ಕೆಯಲ್ಲಿ ಸೆಕೆಂಡಿಗೆ 60 ಚಿತ್ರ ಕೂಡ ಇದರಲ್ಲಿ ಇಲ್ಲ, 30ಕ್ಕೇ ನಿಲ್ಲುತ್ತದೆ. ಆದ್ದರಿಂದ ವಿಡಿಯೋನೇ ಮುಖ್ಯ ದಂಧೆ ಎನ್ನುವವನಿಗೆ ನಾನು ಇದನ್ನು ಹೇಳುವುದಿಲ್ಲ. ಆತ ರೊಕ್ಕ ಕೂಡಿಸಲಿ, ಇಲ್ಲವೆ ಪ್ಯಾನಾಸೋನಿಕ್ ಎಸ್5ನಂಥ 10 ಬಿಟ್ಟಿನ ಹಳೇದನ್ನು ನೋಡಲಿ, ಓಡಾಡುವವರನ್ನು ಹಿಡಿಯುವ ಫೋಕಸಿನಲ್ಲಿ ಅದು ತುಸು ಹಿಂದೆ ಎಂಬುದನ್ನು ತಿಳಿದುಕೊಂಡು.

ಹಿಂದಿನ ಪರದೆಯೂ ಮಂಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ, ಕಣ್ಣು ಹಚ್ಚಿಯೇ ನೋಡಬೇಕು. ಬಿಸಿಲೆಂದರೆ ನೆನಪಾಯಿತು: ಈ ಕ್ಯಾಮೆರಾ ಕೆಲಸ ಮಾಡುವ ಉಷ್ಣತೆ 40 ಡಿಗ್ರಿವರೆಗೆ ಎಂದು ಪುಸ್ತಕದಲ್ಲಿದೆ. ಸೊಲ್ಲಾಪುರದ ಮೇ ತಿಂಗಳು ಆ ಪುಸ್ತಕ ಓದಿಲ್ಲ. ತಗಡಿನ ಹಂದರದಲ್ಲಿ ಕ್ಯಾಮೆರಾದ ಮೇಲೆ ಒದ್ದೆ ಮಾಡದ ಬಿಳಿ ಟವೆಲ್ ಹಾಕಿಕೊಳ್ಳುವುದು ನನ್ನ ರೂಢಿ.

ಇನ್ನು ನಮ್ಮ ಭಾವನವರ ಪ್ರಶ್ನೆ. "ಹಂಗಿದ್ರ ನಿಮ್ಮದರಂಗ ಹಳೇ ಕನ್ನಡಿ ಕ್ಯಾಮೆರಾನ ಅರ್ಧ ರೇಟಿಗೆ ತಗೋಬಹುದಿತ್ತಲ್ಲ?" ಎಂದರು. ಸರಿಯಾದ ಪ್ರಶ್ನೆ. ತಗೋಬಹುದಿತ್ತು. ಫೋಟೋ ಕೆಟ್ಟು ಬರುತ್ತಿರಲಿಲ್ಲ. ಆದರೆ ಲೆನ್ಸಿಗೆ ಹಾಕಿದ ರೊಕ್ಕ ಮುಂದೆ ಕೆಲಸಕ್ಕೆ ಬರಬೇಕು. ಸೋನಿಯ ಲೆನ್ಸು ನಾಳೆ ಮಾರ್ಕ್ 4 ಬಂದರೆ ಅದಕ್ಕೂ ಕೂಡುತ್ತದೆ. ನನ್ನ ಹತ್ತಿರ ನಿಕಾನಿನ ಹಳೇ ಡಿ ಜಾತಿಯ ಮೂರು ಲೆನ್ಸುಗಳಿವೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಅದರ ಮಿರರ್‌ಲೆಸ್‌ಗೆ ಕೂಡಿಸಿದರೆ ಆಟೋಫೋಕಸ್ ನಡೆಯುವುದಿಲ್ಲ. ಐವತ್ತು ದಾಟಿದ ಕಣ್ಣಿಗೆ ಕೈಯಿಂದ ಫೋಕಸ್ ತಿರುವುವುದು ಆಗದ ಮಾತು. ನಾನು ಸಿಕ್ಕಿಬಿದ್ದ ಕಡೆ ಅವನೂ ಏಕೆ ಬೀಳಬೇಕು?

ವ್ಯಾಪಾರಸ್ಥ ಓದುಗರು ತೆರಿಗೆಯ ಲೆಕ್ಕ ಕೇಳಬಹುದು. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದದ್ದು 2019ರ ಜನವರಿ 1ರಿಂದ. ನೋಂದಣಿ ಇದ್ದ ಸ್ಟುಡಿಯೋದವನು ಹೊಸದು ಕೊಂಡರೆ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ವಾಪಸು ಹಿಡಿಯಬಹುದು. ಖಾಸಗಿಯವನಿಂದ ಹಳೇದು ಕೊಂಡರೆ ಹಿಡಿಯಲು ಏನೂ ಇಲ್ಲ. ಹೀಗಾಗಿ ದೊಡ್ಡ ಸ್ಟುಡಿಯೋಗಳಿಗೆ ಹಳೇದು ಕಾಣುವಷ್ಟು ಸೋವಿ ಅಲ್ಲ. ಸೇವೆಗೆ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿಯೇ ಬೇಡವಾದ್ದರಿಂದ ನಮ್ಮ ಹುಡುಗನಿಗೆ ಆ ಚಿಂತೆ ಇಲ್ಲ.

ಅವನ ಲೆಕ್ಕ ಬೇರೆ. ಲೈಟು ಹಿಡಿದಾಗ ದಿನಕ್ಕೆ ಸಾವಿರ ಸಿಗುತ್ತಿತ್ತು. ಸ್ವಂತ ಕ್ಯಾಮೆರಾ ಇದ್ದವನನ್ನು ದೊಡ್ಡ ಸ್ಟುಡಿಯೋದವರು ದಿನಕ್ಕೆ 3,500 ಕೊಟ್ಟು ಕರೆಯುತ್ತಾರೆ. ಪುಷ್ಯಕ್ಕೆ ಮುಂಚೆ, ಆಮೇಲೆ ಮಾಘದಲ್ಲಿ, ಒಟ್ಟು ಹದಿನಾಲ್ಕು ದಿನ ಹೋಗಿದ್ದಾನೆ. 49,000 ಆಯಿತು. ಅದರಲ್ಲಿ 40,000 ಅಕ್ಕನ ಕೈಗೆ ಬಂದಿದೆ. ಇನ್ನೂ 70,000 ಬರಬೇಕು, ಬೇಸಿಗೆಯ ಲಗ್ನಗಳು ಮುಂದಿವೆ. ಶಟರ್ ಈಗ 79,000ಕ್ಕೆ ಬಂದಿದೆ. ಜಾತ್ರೆಯದು, ಕಲಿಯುವಾಗ ಸುಮ್ಮನೆ ಹೊಡೆದದ್ದು ಎಲ್ಲ ಅದರಲ್ಲೇ ಸೇರಿವೆ. 'ರೊಕ್ಕ ಹೋದಂಗ ಹೋಗತದ, ನೋಡಿ ಒತ್ತು' ಎಂದು ಬೈದಿದ್ದೇನೆ.

ಪ್ರತಿ ಲಗ್ನದ ರಾತ್ರಿ ಎರಡು ಕಾರ್ಡುಗಳಲ್ಲಿ ಒಂದನ್ನು ಸ್ಟುಡಿಯೋದವರಿಗೆ ಕೊಟ್ಟು, ಇನ್ನೊಂದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬರುತ್ತಾನೆ. ಆಲ್ಬಂ ಕೈಗೆ ಹೋಗುವತನಕ ಅದನ್ನು ಅಳಿಸಬಾರದು ಎಂದು ಹೇಳಿದ್ದೇನೆ. ಯಾಕೆ ಎಂದು ಕೇಳಿದಾಗ 2014ರ ಆ ಲಗ್ನದ ಕಥೆ ಹೇಳಿದೆ. ಹದಿನೇಳು ಫೋಟೋ ತೋರಿಸಿದೆ, ಇನ್ನೂ ಇಟ್ಟಿದ್ದೇನೆ. ಒಂದರಲ್ಲಿ ಆ ತಂದೆಯ ಪಟಗದ ಅರ್ಧ ಭಾಗ ಕಾಣುತ್ತದೆ.

ಮೊನ್ನೆ ಅಕ್ಕನ ಫೋನ್ ಬಂತು. "ತಮ್ಮಾ, ನಾಳೆ ಬೋರ್ ಪಾಯಿಂಟ್ ನೋಡಾವ ಬರ್ತಾನ. ಇಂವ ನೋಡಿದ್ರ ಎಂಬತ್ತೈದರ ಲೆನ್ಸ್ ಒಂದ ಬೇಕು, ಹಳೇದಾದ್ರೂ ನಡೀತದ ಅಂತ ಕುಂತಾನ. ನೀನಽ ಹೇಳಪಾ ಅವಗ."

ಮೊದಲು ಬೋರ್ ಎಂದು ಹೇಳಿದ್ದೇನೆ.